ಕಬ್ಬಿನ ಚೀಟಿಯಿಂದ ಬಿಲ್ಲಿನವರೆಗೆ: ಕೆಲಸದ ನಕ್ಷೆ ಓಡುವ ತಂತ್ರಾಂಶವಾಗುವ ಬಗೆ

ಯಾವ ಕೆಲಸದ ನಂತರ ಯಾವ ಕೆಲಸ, ಅದನ್ನು ಮಾಡುವವರು ಯಾರು, ದಾರಿ ಎಲ್ಲಿ ಕವಲೊಡೆಯುತ್ತದೆ, ಎಲ್ಲಿ ಮತ್ತೆ ಕೂಡುತ್ತದೆ ಎಂಬುದನ್ನು ಚಿತ್ರವಾಗಿ ಬರೆದಿಟ್ಟರೆ ಅದೇ ವ್ಯವಹಾರ ಪ್ರಕ್ರಿಯೆಯ ನಕ್ಷೆ. ಕಚೇರಿಯ ಗೋಡೆಗೆ ಅಂಟಿಸಿದ ಇಂಥ ನಕ್ಷೆಯನ್ನು ಓದುವವರು ಮನುಷ್ಯರು. ಬಿಟ್ಟುಹೋದದ್ದನ್ನು ಅವರು ರೂಢಿಯಿಂದ, ಅನುಭವದಿಂದ ತುಂಬಿಕೊಳ್ಳುತ್ತಾರೆ. ಅದೇ ನಕ್ಷೆಯನ್ನು ಕಂಪ್ಯೂಟರು ನಡೆಸಬೇಕೆಂದರೆ ಅದಕ್ಕೆ ರೂಢಿಯೂ ಇಲ್ಲ, ಅನುಭವವೂ ಇಲ್ಲ. ಹಾಗಾಗಿ ನಕ್ಷೆಯನ್ನು ತಂತ್ರಾಂಶವಾಗಿಸುವ ಕೆಲಸದ ಬಹುಪಾಲು, ನಕ್ಷೆ ಹೇಳದೆ ಬಿಟ್ಟದ್ದನ್ನು ಹುಡುಕಿ, ಬಲ್ಲವರ ಬಾಯಿಂದ ಹೇಳಿಸಿ, ಬರೆದಿಡುವುದರಲ್ಲೇ ಕಳೆಯುತ್ತದೆ.

ಇದನ್ನು ಕಲಿಯಲು ಕೊಲ್ಹಾಪುರ ಜಿಲ್ಲೆಯ ಶಿರೋಳ ತಾಲೂಕಿನಷ್ಟು ಒಳ್ಳೆಯ ಪಾಠಶಾಲೆ ಸಿಗುವುದು ಕಷ್ಟ. ಶಾಹೂ ಮಹಾರಾಜರು ತಂದೆ ಜಯಸಿಂಗರಾವ್ ಘಾಟಗೆಯವರ ಹೆಸರಿನಲ್ಲಿ ಕಟ್ಟಿಸಿದ ಪೇಟೆ ಜಯಸಿಂಗಪುರ ಈ ತಾಲೂಕಿನಲ್ಲಿದೆ. ಸುತ್ತಲೂ ಕೃಷ್ಣಾ ಮತ್ತು ಪಂಚಗಂಗೆಯ ನೀರಿನ ಕಬ್ಬು. ಶಿರೋಳದ ದತ್ತ, ಹುಪರಿಯ ಜವಾಹರ, ಇಚಲಕರಂಜಿಯ ಪಂಚಗಂಗಾ, ಗಡಹಿಂಗ್ಲಜದ ಸಹಕಾರಿ ಕಾರ್ಖಾನೆ ಹೀಗೆ ಜಿಲ್ಲೆಯ ತುಂಬ ಸಕ್ಕರೆ ಕಾರ್ಖಾನೆಗಳು. ಹೊಲದಲ್ಲಿ ಮರಾಠಿಯ ಜೊತೆ ಕನ್ನಡ, ಕಾರ್ಖಾನೆಯ ಕಾಗದದಲ್ಲಿ ಮರಾಠಿ. ನಾಟಿಯ ನೋಂದಣಿಯಿಂದ ರೈತನ ಖಾತೆಗೆ ಹಣ ಬೀಳುವವರೆಗೆ ಒಂದು ಕಬ್ಬಿನ ಹೊಲ ಹಾಯ್ದುಹೋಗುವ ದಾರಿಯಲ್ಲಿ ಮನುಷ್ಯರು, ವಾಹನಗಳು, ತೂಕದ ಯಂತ್ರ, ಸರ್ಕಾರದ ಆದೇಶ, ಬ್ಯಾಂಕು ಎಲ್ಲವೂ ಬರುತ್ತವೆ. ಈ ಲೇಖನ ಆ ದಾರಿಯನ್ನೇ ಉದಾಹರಣೆಯಾಗಿ ಹಿಡಿದು ಸಾಗುತ್ತದೆ. ಇಲ್ಲಿ ಬರುವ ಕಾರ್ಖಾನೆ ಯಾವುದೋ ಒಂದು ನಿರ್ದಿಷ್ಟ ಕಾರ್ಖಾನೆಯಲ್ಲ, ಈ ಭಾಗದ ಸಾಮಾನ್ಯ ರೂಢಿ.

ಮೊದಲು ಮಾತಿನಲ್ಲಿ

ನಕ್ಷೆ ಬರೆಯುವ ಮುಂಚೆ ಕೆಲಸವನ್ನು ಮಾತಿನಲ್ಲಿ ಹೇಳಿ ಮುಗಿಸಬೇಕು. ರೈತ ನಾಟಿ ಮಾಡಿದ ಮೇಲೆ ಗಟ್ ಆಫೀಸಿನಲ್ಲಿ, ಅಂದರೆ ತನ್ನ ಭಾಗದ ಹಳ್ಳಿಗಳಿಗಾಗಿ ಕಾರ್ಖಾನೆ ಇಟ್ಟ ಕಚೇರಿಯಲ್ಲಿ, ಕಬ್ಬು ನೋಂದಾಯಿಸುತ್ತಾನೆ: ಹೊಲದ ಗಟ್ (ಸರ್ವೆ) ನಂಬರು, ಕ್ಷೇತ್ರ, ತಳಿ, ನಾಟಿಯ ದಿನಾಂಕ, ಹೊಸ ಕಬ್ಬೋ ಕುಳೆಯೋ. ಹಂಗಾಮು ಹತ್ತಿರ ಬಂದಾಗ ನಾಟಿಯ ದಿನಾಂಕದ ಸರತಿಯಲ್ಲಿ ಕಟಾವಿನ ಕಾರ್ಯಕ್ರಮ ತಯಾರಾಗುತ್ತದೆ. ಸರತಿ ಬಂದ ಹೊಲಕ್ಕೆ ಕಡಿಯಲು ಅನುಮತಿಯ ಚೀಟಿ ಹೊರಡುತ್ತದೆ. ಮುಕಾದಮನ (ಮೇಸ್ತ್ರಿಯ) ಗ್ಯಾಂಗು ಕಡಿಯುತ್ತದೆ. ಟ್ರ್ಯಾಕ್ಟರು, ಟ್ರಕ್ಕು ಅಥವಾ ಚಕ್ಕಡಿಯಲ್ಲಿ ಕಬ್ಬು ಕಾರ್ಖಾನೆಯ ಯಾರ್ಡಿಗೆ ಬರುತ್ತದೆ. ಕಾಂಟಾದ, ಅಂದರೆ ಗಾಡಿ ತೂಗುವ ಯಂತ್ರದ, ಮೇಲೆ ತುಂಬಿದ ಗಾಡಿಯ ತೂಕ, ಇಳಿಸಿದ ಮೇಲೆ ಖಾಲಿ ಗಾಡಿಯ ತೂಕ, ಎರಡರ ವ್ಯತ್ಯಾಸವೇ ಕಬ್ಬು. ತೂಕದ ರಸೀದಿ ರೈತನಿಗೆ, ಲೆಕ್ಕ ಕಬ್ಬಿನ ಖಾತೆಗೆ. ಹದಿನೈದು ದಿನಗಳ ಕಂತು, ಅಂದರೆ ಪಂಧರವಡಾ ಮುಗಿದ ಮೇಲೆ ಬಿಲ್ಲು. ಅದರಲ್ಲಿ ಕಟಾವು ಮತ್ತು ಸಾಗಣೆಯ ವೆಚ್ಚ ಕಳೆದು, ಹಳ್ಳಿಯ ಸಹಕಾರಿ ಸೊಸೈಟಿಯ ಸಾಲ ಹಿಡಿದು, ಉಳಿದದ್ದು ಬ್ಯಾಂಕಿಗೆ.

ಇಷ್ಟನ್ನು ಮ್ಯಾನೇಜರರ ಕೋಣೆಯಲ್ಲಿ ಕುಳಿತು ಅರ್ಧ ಗಂಟೆಯಲ್ಲಿ ಬರೆದುಕೊಳ್ಳಬಹುದು. ಓಡುವ ತಂತ್ರಾಂಶಕ್ಕೆ ಅದು ಸಾಲದು. ಬಲ್ಲವರು ಅನುಸರಿಸುವ ವಿಧಾನ ಬೇರೆ: ಒಂದೇ ಒಂದು ಚೀಟಿಯನ್ನು ಹಿಡಿದು ಅದರ ಹಿಂದೆ ನಡೆಯುವುದು. ಹೊಲದಲ್ಲಿ ಚೀಟಿ ಬರೆಯುವ ಸ್ಲಿಪ್ ಬಾಯ್, ಯಾರ್ಡಿನ ಟೋಕನ್ ಕೊಡುವವನು, ಕಾಂಟಾ ಗುಮಾಸ್ತ, ಕಬ್ಬಿನ ಲೆಕ್ಕ ಬರೆಯುವವನು, ಬ್ಯಾಂಕಿಗೆ ಪಟ್ಟಿ ಕಳಿಸುವವನು ಹೀಗೆ ಪ್ರತಿಯೊಬ್ಬರಲ್ಲೂ ಎರಡು ಪ್ರಶ್ನೆ ಕೇಳಬೇಕು. ಈ ಕಾಗದ ಬರದೇ ಹೋದರೆ ಏನು ಮಾಡುತ್ತೀರಿ? ಬಂದದ್ದು ತಪ್ಪಾಗಿದ್ದರೆ ಏನು ಮಾಡುತ್ತೀರಿ? ಮೊದಲ ನಕ್ಷೆಯಲ್ಲಿ ಇಲ್ಲದ ಅರ್ಧಕ್ಕರ್ಧ ಸಂಗತಿ ಈ ಎರಡು ಪ್ರಶ್ನೆಗಳಿಂದಲೇ ಹೊರಬೀಳುತ್ತದೆ. ಬೆಂಕಿ ಬಿದ್ದ ಹೊಲದ ಕಬ್ಬು ದಿನದಿಂದ ದಿನಕ್ಕೆ ತೂಕವನ್ನೂ ಸಕ್ಕರೆಯನ್ನೂ ಕಳೆದುಕೊಳ್ಳುತ್ತದೆ, ಅದು ಸರತಿ ಕಾಯುವಂತಿಲ್ಲ ಎಂಬುದು ಸ್ಲಿಪ್ ಬಾಯ್‌ಗೆ ಗೊತ್ತು. ಮ್ಯಾನೇಜರರ ಕೋಣೆಯ ನಕ್ಷೆಗೆ ಗೊತ್ತಿರುವುದಿಲ್ಲ. 2019ರ ಆಗಸ್ಟ್ ಮತ್ತು 2021ರ ಜುಲೈ ಪ್ರವಾಹಗಳನ್ನು ಕಂಡ ತಾಲೂಕಿನಲ್ಲಿ ನೀರು ನಿಂತ ಕಬ್ಬಿನ ದಾರಿಯನ್ನೂ ಬರೆಯಲೇಬೇಕು. ಅಪರೂಪಕ್ಕೊಮ್ಮೆ ಬರುವುದೆಂದು ಅದನ್ನು ಬಿಡುವಂತಿಲ್ಲ.

ಚಿತ್ರದ ಭಾಷೆ

ಈ ಮಾತನ್ನು ಚಿತ್ರವಾಗಿಸಲು ಇಂದು ಹೆಚ್ಚು ಬಳಕೆಯಲ್ಲಿರುವ ಭಾಷೆ ಬಿಪಿಎಂಎನ್. ಇದರ ಮೊದಲ ಆವೃತ್ತಿ 2004ರಲ್ಲಿ ಬಂತು. 2005ರಲ್ಲಿ ಇದರ ಹೊಣೆ ಆಬ್ಜೆಕ್ಟ್ ಮ್ಯಾನೇಜ್‌ಮೆಂಟ್ ಗ್ರೂಪ್ ಎಂಬ ಮಾನಕ ಸಂಸ್ಥೆಗೆ ಹೋಯಿತು. 2011ರ ಜನವರಿಯಲ್ಲಿ ಬಂದ 2.0 ಆವೃತ್ತಿಯನ್ನು ಆಧರಿಸಿ 2013ರಲ್ಲಿ ಐಎಸ್‌ಓ 19510 ಎಂಬ ಅಂತರರಾಷ್ಟ್ರೀಯ ಮಾನಕವೂ ಪ್ರಕಟವಾಯಿತು. ಮೂಲ ಚಿಹ್ನೆಗಳು ಕಡಿಮೆ. ವೃತ್ತ ಒಂದು ಘಟನೆ: ಚೀಟಿ ಹೊರಟಿತು, ಗಾಡಿ ಬಂತು, ಗಡುವು ಮುಗಿಯಿತು. ಮೂಲೆ ದುಂಡಾದ ಚೌಕ ಒಂದು ಕೆಲಸ. ವಜ್ರಾಕೃತಿ ದಾರಿ ಕವಲೊಡೆಯುವ ಅಥವಾ ಕೂಡುವ ಜಾಗ. ಉದ್ದನೆಯ ಪಟ್ಟಿಗಳು ಯಾರ ಕೆಲಸ ಯಾವುದು ಎಂದು ತೋರಿಸುತ್ತವೆ: ಗಟ್ ಆಫೀಸಿನ ಪಟ್ಟಿ, ಕಾಂಟಾದ ಪಟ್ಟಿ, ಲೆಕ್ಕದ ಪಟ್ಟಿ. ರೈತ ಮತ್ತು ಬ್ಯಾಂಕು ಕಾರ್ಖಾನೆಯ ಆಳ್ವಿಕೆಯಲ್ಲಿಲ್ಲದವರಾದ್ದರಿಂದ ಅವರಿಗೆ ಬೇರೆಯೇ ಚೌಕಟ್ಟು. ಅವರೊಂದಿಗೆ ಸಂದೇಶದ ತುಂಡುಗೆರೆಯ ಸಂಬಂಧ ಮಾತ್ರ.

2.0 ಆವೃತ್ತಿಯ ಮಹತ್ವ ತಿಳಿಯಲು ಅದಕ್ಕೂ ಹಿಂದಿನ ಒಂದು ದಶಕದ ಪೇಚಾಟ ತಿಳಿದಿರಬೇಕು. ಮೊದಲು ಬಿಪಿಎಂಎನ್ ಬರೀ ಚಿತ್ರವಾಗಿತ್ತು. ಅದನ್ನು ಓಡಿಸಬೇಕೆಂದರೆ ಬಿಪಿಇಎಲ್ ಎಂಬ ಇನ್ನೊಂದು ಭಾಷೆಗೆ ಅನುವಾದಿಸಬೇಕಿತ್ತು. ಬಿಪಿಇಎಲ್ ಅನ್ನು 2002ರಲ್ಲಿ ಐಬಿಎಂ, ಮೈಕ್ರೋಸಾಫ್ಟ್, ಬಿಇಎ ಕಂಪನಿಗಳು ಸೇರಿ ತಂದವು, ಅದರ 2.0 ಆವೃತ್ತಿ 2007ರಲ್ಲಿ ಓಯಾಸಿಸ್ ಸಂಸ್ಥೆಯ ಮಾನಕವಾಯಿತು. ತೊಡಕು ಎರಡರ ಹುಟ್ಟಿನಲ್ಲೇ ಇತ್ತು. ಬಿಪಿಎಂಎನ್ ಚಿತ್ರದಲ್ಲಿ ಬಾಣ ಎಲ್ಲಿಂದ ಎಲ್ಲಿಗಾದರೂ ಹೋಗಬಹುದು, ಹಿಂದಕ್ಕೂ ತಿರುಗಬಹುದು. ಬಿಪಿಇಎಲ್ ಮಾತ್ರ ಮುಖ್ಯವಾಗಿ ಡಬ್ಬಿಯೊಳಗೆ ಡಬ್ಬಿ ಇಟ್ಟಂಥ ರಚನೆಯದು. ಹೊಲದ ಕಾಲುದಾರಿಗಳನ್ನು ಕೋಣೆಗಳ ಮನೆಯಾಗಿ ಬರೆಯಿರಿ ಎಂದಂತಾಯಿತು. ಅನುವಾದದ ಮೇಲೆ ಸಂಶೋಧನಾ ಪ್ರಬಂಧಗಳೇ ಬಂದವು. ಅನುವಾದವಾದ ಮೇಲೆ ಚಿತ್ರದಲ್ಲಿ ಒಂದು ಬದಲಾವಣೆ ಬಂದರೆ ಕೈಯಿಂದ ತಿದ್ದಿದ ಕೋಡ್ ಹಾಳಾಗುತ್ತಿತ್ತು; ಕೋಡ್ ತಿದ್ದಿದರೆ ಚಿತ್ರ ಹಳತಾಗುತ್ತಿತ್ತು. ಚಿತ್ರ ಮತ್ತು ಕೋಡ್ ಎರಡೂ ಒಂದೇ ಕಡತವಾಗಿರಲಿ ಎಂದು ತೀರ್ಮಾನಿಸಿದ್ದೇ 2.0 ಮಾಡಿದ ದೊಡ್ಡ ಕೆಲಸ. ಅಲ್ಲಿ ಪ್ರತಿ ಚಿಹ್ನೆಗೂ ಅದು ಓಡುವಾಗ ಹೇಗೆ ನಡೆದುಕೊಳ್ಳಬೇಕು ಎಂಬ ಅರ್ಥ ನಿಗದಿಯಾಗಿದೆ, ಇಡೀ ಚಿತ್ರ ಎಕ್ಸ್‌ಎಂಎಲ್ ಕಡತವಾಗಿ ಉಳಿಯುತ್ತದೆ.

ಎರಡು ದಾರಿ

ನಕ್ಷೆಯಿಂದ ತಂತ್ರಾಂಶಕ್ಕೆ ಹೋಗಲು ಈಗ ಎರಡು ದಾರಿಗಳಿವೆ. ಒಂದು, ನಕ್ಷೆಯನ್ನು ಓದಿ ಜಾವಾದಂಥ ಭಾಷೆಯಲ್ಲಿ ಕೋಡ್ ಉತ್ಪಾದಿಸುವ ಉಪಕರಣ. ಇನ್ನೊಂದು, ನಕ್ಷೆಯ ಕಡತವನ್ನೇ ನೇರವಾಗಿ ಓದಿ ನಡೆಸುವ ಎಂಜಿನ್. ಆಕ್ಟಿವಿಟಿ ಎಂಬ ಮುಕ್ತ ತಂತ್ರಾಂಶದಿಂದ ಒಡೆದು ಬೆಳೆದ ಕಮುಂಡಾ ಮತ್ತು ಫ್ಲೋವಬಲ್, ಹಾಗೆಯೇ ಜೆಬಿಪಿಎಂ ಈ ಎರಡನೆಯ ಬಗೆಯವು. ಪ್ರಕ್ರಿಯೆ ಚಿಕ್ಕದು, ವರ್ಷಗಟ್ಟಲೆ ಬದಲಾಗುವುದಿಲ್ಲ, ಸಾಮಾನ್ಯ ಯಂತ್ರದ ಮೇಲೆ ವೇಗವಾಗಿ ಓಡಬೇಕು ಎಂದಿದ್ದರೆ ಮೊದಲ ದಾರಿ ಸರಿ. ಕಬ್ಬಿನಂಥ ಪ್ರಕ್ರಿಯೆಗೆ ಎಂಜಿನ್ನೇ ಒಳ್ಳೆಯದು. ಒಂದು ನೋಂದಣಿ ನಾಟಿಯಿಂದ ಬಿಲ್ಲಿನವರೆಗೆ ವರ್ಷದಷ್ಟು, ಕೆಲವೊಮ್ಮೆ ಅದಕ್ಕಿಂತ ಹೆಚ್ಚು ಕಾಲ ಬಾಳುತ್ತದೆ. ನಡುವೆ ಕಂಪ್ಯೂಟರು ಎಷ್ಟೋ ಸಲ ಬಂದ್ ಆಗಿ ಚಾಲೂ ಆಗಿರುತ್ತದೆ. ಪ್ರತಿ ಹೊಲ ಯಾವ ಹಂತದಲ್ಲಿದೆ ಎಂದು ಎಂಜಿನ್ ಡೇಟಾಬೇಸಿನಲ್ಲಿ ಬರೆದಿಟ್ಟುಕೊಂಡಿರುತ್ತದೆ, ಕರೆಂಟು ಬಂದಾಗ ಅಲ್ಲಿಂದಲೇ ಮುಂದುವರಿಯುತ್ತದೆ. ಹಾಗೆಂದು ಎಂಜಿನ್ ಇದ್ದರೆ ಕೋಡೇ ಬರೆಯಬೇಕಿಲ್ಲ ಎಂದು ಹೇಳುವ ಮಾರಾಟಗಾರರ ಮಾತನ್ನು ನಂಬಬಾರದು. ಕಾಂಟಾದಿಂದ ಅಂಕಿ ಓದುವುದು, ಬ್ಯಾಂಕಿಗೆ ಪಟ್ಟಿ ಕಳಿಸುವುದು, ಎಸ್‌ಎಂಎಸ್ ಹೊರಡಿಸುವುದು ಇವೆಲ್ಲ ಕೋಡೇ. ಯಾವುದು ಯಾವಾಗ ನಡೆಯಬೇಕೆಂಬುದನ್ನು ಮಾತ್ರ ನಕ್ಷೆ ನೋಡಿಕೊಳ್ಳುತ್ತದೆ.

ಚೌಕದೊಳಗೆ ಏನು ತುಂಬಬೇಕು

ಓಡುವ ನಕ್ಷೆಯಲ್ಲಿ ಪ್ರತಿ ಚೌಕಕ್ಕೂ ಒಂದು ಜಾತಿ ಗೊತ್ತುಮಾಡಬೇಕು. ಮನುಷ್ಯ ಪರದೆಯ ಮುಂದೆ ಕುಳಿತು ಮಾಡುವ ಕೆಲಸವೋ, ಯಂತ್ರ ತಾನೇ ಮಾಡುವ ಕೆಲಸವೋ, ನಿಯಮದ ಕೋಷ್ಟಕ ನೋಡಿ ಉತ್ತರ ತರುವ ಕೆಲಸವೋ, ಹೊರಗಿನ ಸಂದೇಶಕ್ಕೆ ಕಾಯುವ ಕೆಲಸವೋ. ಹೊಲದ ಕ್ಷೇತ್ರ ಅಳೆದು ದಾಖಲಿಸುವುದು ಮೊದಲನೆಯದು. ನಿವ್ವಳ ತೂಕ ಲೆಕ್ಕ ಹಾಕುವುದು ಎರಡನೆಯದು. ಟನ್ನಿಗೆ ದರ ಎಷ್ಟು ಎಂಬುದು ಮೂರನೆಯದು. ಗಾಡಿ ಕಾಂಟಾಕ್ಕೆ ಬರುವುದನ್ನು ಕಾಯುವುದು ಕೊನೆಯದು.

ಜಾತಿ ಗೊತ್ತಾದ ಮೇಲೆ ಒಳಗೆ ಹೋಗುವ ಮತ್ತು ಹೊರಗೆ ಬರುವ ಮಾಹಿತಿ. ಇಲ್ಲಿ ತಪ್ಪುವುದು ಸುಲಭ. ‘ತೂಕ’ ಎಂದು ಒಂದೇ ಹೆಸರಿಟ್ಟರೆ ಅದು ತುಂಬಿದ ಗಾಡಿಯದೋ, ಖಾಲಿಯದೋ, ನಿವ್ವಳವೋ? ಟನ್ನೋ ಕ್ವಿಂಟಲ್ಲೋ? ದರದ ಸರ್ಕಾರಿ ಆದೇಶ ಕ್ವಿಂಟಲಿನಲ್ಲಿ, ರೈತನ ಮಾತು ಟನ್ನಿನಲ್ಲಿ. ಒಂದು ಸೊನ್ನೆ ಆಚೀಚೆಯಾದರೆ ಆ ತಪ್ಪು ಹೊರಬರುವುದು ಬಿಲ್ಲಿನ ದಿನ.

ಹೊರಗಿನ ಸಂದೇಶ ಯಾವ ಪ್ರಕರಣಕ್ಕೆ, ಅಂದರೆ ನಕ್ಷೆಯಂತೆ ನಡೆಯುತ್ತಿರುವ ಯಾವ ಒಂದು ಓಟಕ್ಕೆ, ಸೇರಬೇಕು ಎಂಬುದೂ ಇಷ್ಟೇ ಮುಖ್ಯ. ಕಾಂಟಾದಿಂದ ‘ಇಷ್ಟು ಟನ್’ ಎಂಬ ಸಂದೇಶ ಬಂದಾಗ ಆ ಹೊತ್ತಿಗೆ ಕಾಯುತ್ತಿರುವ ನೂರಾರು ಚೀಟಿಗಳಲ್ಲಿ ಯಾವುದಕ್ಕೆ ಅದನ್ನು ಕೂಡಿಸಬೇಕು? ಗಾಡಿಯ ನಂಬರು ಹಿಡಿದರಾಯಿತು ಎಂದು ಮೊದಲು ಹೊಳೆಯುತ್ತದೆ. ಒಂದೇ ಟ್ರ್ಯಾಕ್ಟರು ದಿನಕ್ಕೆ ಎರಡು ಖೇಪು (ಸುತ್ತು) ಹಾಕಿದರೆ, ಬೆಳಿಗ್ಗೆ ಒಬ್ಬ ರೈತನ ಕಬ್ಬು, ಸಂಜೆ ಇನ್ನೊಬ್ಬನ ಕಬ್ಬು ತಂದರೆ, ಆ ಗುರುತು ಕೆಟ್ಟಿತು. ಚೀಟಿಯ ನಂಬರೊಂದೇ ಸರಿಯಾದ ಗುರುತು. ಕಾಂಟಾದ ಯಂತ್ರ ನೆಟ್‌ವರ್ಕ್ ತಡವರಿಸಿ ಅದೇ ತೂಕವನ್ನು ಎರಡು ಸಲ ಕಳಿಸಿದರೂ ಒಂದೇ ಸಲ ದಾಖಲಾಗುವಂತೆ ನೋಡಿಕೊಳ್ಳುವುದಕ್ಕೂ ಅದೇ ನಂಬರು ಬೇಕು.

ನಿಯಮವನ್ನು ನಕ್ಷೆಯಿಂದ ಹೊರಗಿಡುವುದು

ಕಬ್ಬಿನ ದರದ ಲೆಕ್ಕವನ್ನು ವಜ್ರಾಕೃತಿಗಳ ಸರಣಿಯಾಗಿ ನಕ್ಷೆಯೊಳಗೇ ಬರೆಯಲು ಹೋದರೆ ನಕ್ಷೆ ಹಾಳಾಗುತ್ತದೆ. ಅದಕ್ಕೆ ನಿರ್ಣಯ ಕೋಷ್ಟಕ ಎಂಬ ಬೇರೆ ಸಾಧನವಿದೆ. ಆಬ್ಜೆಕ್ಟ್ ಮ್ಯಾನೇಜ್‌ಮೆಂಟ್ ಗ್ರೂಪ್ 2015ರಲ್ಲಿ ಇದಕ್ಕಾಗಿಯೇ ಡಿಎಂಎನ್ ಎಂಬ ಮಾನಕ ತಂದಿತು. ಕೇಂದ್ರ ಸರ್ಕಾರದ ನ್ಯಾಯಯುತ ಮತ್ತು ಲಾಭದಾಯಕ ದರ, ಎಲ್ಲರ ಬಾಯಲ್ಲಿ ಎಫ್‌ಆರ್‌ಪಿ, ಇಂಥ ಕೋಷ್ಟಕಕ್ಕೆ ಹೇಳಿಮಾಡಿಸಿದ ವಿಷಯ. 2025-26ರ ಹಂಗಾಮಿಗೆ ನಿಗದಿಯಾದದ್ದು ಸಕ್ಕರೆ ಇಳುವರಿ ಶೇ 10.25 ಇದ್ದರೆ ಕ್ವಿಂಟಲಿಗೆ 355 ರೂಪಾಯಿ. ಇಳುವರಿ ಶೇ 0.1 ಏರಿದಂತೆ 3.46 ರೂಪಾಯಿ ಹೆಚ್ಚು, ಇಳಿದಂತೆ ಅಷ್ಟೇ ಕಡಿಮೆ. ಶೇ 9.5 ಅಥವಾ ಅದಕ್ಕಿಂತ ಕೆಳಗೆ ಎಷ್ಟೇ ಇಳಿದರೂ 329.05ಕ್ಕಿಂತ ಕಡಿಮೆಯಿಲ್ಲ. ಕೋಷ್ಟಕದ ಸಾಲುಗಳು ಹೀಗೆ:

ಇಳುವರಿ 9.50 ಅಥವಾ ಕಡಿಮೆ ಇದ್ದರೆ: ದರ = 329.05
ಇಳುವರಿ 9.50ಕ್ಕಿಂತ ಹೆಚ್ಚು, 10.25ಕ್ಕಿಂತ ಕಡಿಮೆ ಇದ್ದರೆ: ದರ = 355 − (10.25 − ಇಳುವರಿ) ÷ 0.1 × 3.46
ಇಳುವರಿ 10.25 ಅಥವಾ ಹೆಚ್ಚು ಇದ್ದರೆ: ದರ = 355 + (ಇಳುವರಿ − 10.25) ÷ 0.1 × 3.46

ಇಳುವರಿ 11.25 ಇರುವ ಕಾರ್ಖಾನೆಗೆ ಇದರಂತೆ ಕ್ವಿಂಟಲಿಗೆ 389.60, ಟನ್ನಿಗೆ 3,896 ರೂಪಾಯಿ. ಈ ಸಾಲುಗಳನ್ನು ಬರೆಯುವಾಗ ಎದುರಾಗುವ ಒಂದು ಪ್ರಶ್ನೆ ಗಮನಕ್ಕೆ ಯೋಗ್ಯ. 10.25ರಿಂದ 9.50ಕ್ಕೆ ಇಳಿಯುವಾಗ 0.1ರ ಏಳೂವರೆ ಮೆಟ್ಟಿಲು ಆಗುತ್ತವೆ. ಅರ್ಧ ಮೆಟ್ಟಿಲನ್ನು ಲೆಕ್ಕಕ್ಕೆ ಹಿಡಿಯಬೇಕೋ ಬಿಡಬೇಕೋ? ಉತ್ತರ ಸರ್ಕಾರದ ಅಂಕಿಯಲ್ಲೇ ಅಡಗಿದೆ: ಏಳೂವರೆಯನ್ನು 3.46ರಿಂದ ಗುಣಿಸಿದರೆ 25.95, ಅದನ್ನು 355ರಿಂದ ಕಳೆದರೆ ಸರಿಯಾಗಿ 329.05. ಅಂದರೆ ಅರ್ಧ ಮೆಟ್ಟಿಲಿಗೂ ಅರ್ಧ ಬೆಲೆ. ಹಿಂದಿನ 2024-25ರ ಹಂಗಾಮಿನ 340, 3.32 ಮತ್ತು 315.10 ಅಂಕಿಗಳೂ ಇದೇ ಲೆಕ್ಕಕ್ಕೆ ಕೂಡಿಬರುತ್ತವೆ. ಆದೇಶದ ಅಸ್ಪಷ್ಟತೆಯನ್ನು ಊಹೆಯಿಂದ ತುಂಬದೆ, ಆದೇಶದ ಬೇರೆ ಅಂಕಿಯಿಂದ ಪರೀಕ್ಷಿಸಿ ತುಂಬುವ ಈ ಅಭ್ಯಾಸ ನಕ್ಷೆ ಬರೆಯುವವರಿಗೆ ರಕ್ತಗತವಾಗಬೇಕು.

ಎರಡು ಹಂಗಾಮಿನ ಅಂಕಿಗಳು ಒಂದೇ ಕೋಷ್ಟಕದಲ್ಲಿರಬೇಕು, ಮೊದಲ ಅಂಕಣ ಹಂಗಾಮಿನದಾಗಬೇಕು. ಹುಡುಕುವುದು ಕಬ್ಬು ಕೊಟ್ಟ ದಿನಾಂಕದಿಂದ, ಬಿಲ್ಲು ಮಾಡುವ ದಿನಾಂಕದಿಂದಲ್ಲ. ಹಳೆಯ ಹಂಗಾಮಿನ ಬಾಕಿ ಬಿಲ್ಲಿಗೆ ಹೊಸ ದರ ಹತ್ತುವುದು ಇಂಥ ತಂತ್ರಾಂಶಗಳಲ್ಲಿ ಬೇಗ ನುಸುಳುವ ತಪ್ಪು.

ಕವಲು ಒಡೆದದ್ದು ಹಾಗೇ ಕೂಡಬೇಕು

ಗೋಡೆಯ ನಕ್ಷೆಯಲ್ಲಿ ವಜ್ರಾಕೃತಿ ಎಂದರೆ ವಜ್ರಾಕೃತಿ, ಅಷ್ಟೇ. ಓಡುವ ನಕ್ಷೆಯಲ್ಲಿ ಅದರ ಒಳಗಿನ ಗುರುತು ಪ್ರಾಣ. ಗುಣಿಸುವ ಗುರುತಿದ್ದರೆ ದಾರಿಗಳಲ್ಲಿ ಒಂದೇ ಒಂದು. ಕೂಡಿಸುವ ಗುರುತಿದ್ದರೆ ಎಲ್ಲ ದಾರಿಗಳೂ ಏಕಕಾಲಕ್ಕೆ. ಎಂಜಿನ್ ಇದನ್ನು ಟೋಕನ್ನಿನ ಲೆಕ್ಕದಲ್ಲಿ ನಡೆಸುತ್ತದೆ; ಇದು ಯಾರ್ಡಿನ ಟೋಕನ್ ಅಲ್ಲ, ಪ್ರಕರಣ ನಕ್ಷೆಯಲ್ಲಿ ಎಲ್ಲಿದೆ ಎಂದು ತೋರಿಸುವ ಗುರುತು. ಜರ್ಮನಿಯ ಕಾರ್ಲ್ ಆಡಂ ಪೆಟ್ರಿ 1962ರ ತಮ್ಮ ಡಾಕ್ಟರೇಟ್ ಪ್ರಬಂಧದಲ್ಲಿ ಬೀಜ ಬಿತ್ತಿದ, ಮುಂದೆ ಪೆಟ್ರಿ ನೆಟ್ ಎಂದೇ ಹೆಸರಾದ ಗಣಿತ ಇದರ ಬೇರು. ಪ್ರಕರಣ ಶುರುವಾದಾಗ ಒಂದು ಟೋಕನ್ ಹುಟ್ಟುತ್ತದೆ, ಬಾಣದ ಮೇಲೆ ಸಾಗುತ್ತದೆ. ಏಕಕಾಲದ ಕವಲಿನಲ್ಲಿ ಒಂದು ಟೋಕನ್ ಎರಡಾಗುತ್ತದೆ, ಅಂಥದೇ ಕೂಡಿನಲ್ಲಿ ಎರಡು ಬರುವವರೆಗೆ ಕಾದು ಒಂದಾಗುತ್ತದೆ.

ನಿವ್ವಳ ತೂಕ ಸಿಕ್ಕ ಮೇಲೆ ರೈತನಿಗೆ ಎಸ್‌ಎಂಎಸ್ ಕಳಿಸುವುದು, ಖಾತೆಗೆ ಲೆಕ್ಕ ಏರಿಸುವುದು ಎರಡೂ ಏಕಕಾಲಕ್ಕೆ ಹೊರಡುತ್ತವೆ ಎಂದುಕೊಳ್ಳೋಣ. ಕವಲಿಗೆ ಕೂಡಿಸುವ ಗುರುತು ಹಾಕಿ, ದಾರಿ ಮತ್ತೆ ಕೂಡುವಲ್ಲಿ ಗುಣಿಸುವ ಗುರುತು ಹಾಕಿದರೆ ಏನಾಗುತ್ತದೆ? ಕೂಡಿನಲ್ಲಿ ಯಾರೂ ಯಾರಿಗೂ ಕಾಯುವುದಿಲ್ಲ, ಎರಡು ಟೋಕನ್ನುಗಳೂ ಒಂದರ ಹಿಂದೆ ಒಂದು ದಾಟುತ್ತವೆ, ಮುಂದಿನ ಕೆಲಸ ಎರಡು ಸಲ ನಡೆಯುತ್ತದೆ. ಅದು ಬಿಲ್ಲಿನ ಕೆಲಸವಾಗಿದ್ದರೆ ಒಂದೇ ಕಬ್ಬಿಗೆ ಎರಡು ಬಿಲ್ಲು. ತಿರುವುಮುರುವಾದರೆ ಇನ್ನೊಂದು ಕಷ್ಟ. ಸುಟ್ಟ ಕಬ್ಬೋ ಸಾದಾ ಕಬ್ಬೋ ಎಂದು ಒಂದೇ ದಾರಿ ಆಯ್ದು, ಮುಂದೆ ಎರಡೂ ದಾರಿಗೆ ಕಾಯುವ ಕೂಡು ಇಟ್ಟರೆ ಎರಡನೆಯ ಟೋಕನ್ ಯಾವತ್ತೂ ಬರುವುದಿಲ್ಲ. ಆ ರೈತನ ಪ್ರಕರಣ ಅಲ್ಲೇ ನಿಲ್ಲುತ್ತದೆ. ಪರದೆಯ ಮೇಲೆ ದೋಷವೂ ಕಾಣಿಸುವುದಿಲ್ಲ, ಯಾಕೆಂದರೆ ಎಂಜಿನ್ನಿನ ದೃಷ್ಟಿಯಲ್ಲಿ ಅದು ಕಾಯುತ್ತಿದೆ, ಅಷ್ಟೇ. ಹೀಗಾಗಿ ಕವಲೊಡೆದ ಗುರುತಿನಲ್ಲೇ ಕೂಡಿಸಬೇಕೆಂಬುದನ್ನು ಕಟ್ಟುನಿಟ್ಟಿನ ರೂಢಿಯಾಗಿ ಇಟ್ಟುಕೊಳ್ಳಬೇಕು. ಕೆಲವು ಉಪಕರಣಗಳು ಇದನ್ನು ತಾವೇ ಪರೀಕ್ಷಿಸಿ ಎಚ್ಚರಿಸುತ್ತವೆ.

ಹದಿನಾಲ್ಕು ದಿನದ ಗಡಿಯಾರ

1966ರ ಕಬ್ಬು ನಿಯಂತ್ರಣ ಆದೇಶ ಹೇಳುವಂತೆ ಕಬ್ಬು ಕೊಟ್ಟ ದಿನದಿಂದ 14 ದಿನದೊಳಗೆ ಹಣ ಸಲ್ಲಬೇಕು. ತಡವಾದರೆ ಆ ಅವಧಿಗೆ ವರ್ಷಕ್ಕೆ ಶೇ 15ರಂತೆ ಬಡ್ಡಿ. ನಕ್ಷೆಯಲ್ಲಿ ಇದು ಗಡಿಯಾರದ ಚಿಹ್ನೆ. ಹಾಕುವುದು ಸುಲಭ, ಎಲ್ಲಿ ಹಾಕಬೇಕೆಂಬುದರಲ್ಲಿ ಇಡೀ ವಿಷಯ ಅಡಗಿದೆ.

ಕಾರ್ಖಾನೆಯ ಕಣ್ಣಿನಲ್ಲಿ ಬಿಲ್ಲು ಹದಿನೈದು ದಿನಕ್ಕೊಂದು. ಹಾಗಾಗಿ ನಕ್ಷೆ ಬರೆಯುವವರು ಸಹಜವಾಗಿ ಗಡಿಯಾರವನ್ನು ಬಿಲ್ಲಿನ ಚೌಕಕ್ಕೆ ತೂಗುಹಾಕುತ್ತಾರೆ: ಬಿಲ್ಲಾದ ದಿನದಿಂದ 14 ದಿನ. ಆದೇಶದ ಕಣ್ಣಿನಲ್ಲಿ ದಿನ ಎಣಿಸುವುದು ಕಬ್ಬು ಕೊಟ್ಟ ದಿನದಿಂದ. ತಿಂಗಳ 1ನೇ ತಾರೀಖು ಕಾಂಟಾ ದಾಟಿದ ಖೇಪಿನ ಗಡುವು 15ಕ್ಕೆ ಮುಗಿಯುತ್ತದೆ; ಆ ಕಂತಿನ ಬಿಲ್ಲಿನ ಕೆಲಸ ಶುರುವಾಗುವುದೇ 16ಕ್ಕೆ. ಗಡಿಯಾರ ಪ್ರತಿ ಖೇಪಿಗೂ ಬೇರೆ ಬೇರೆ, ನಿವ್ವಳ ತೂಕದ ಗಳಿಗೆಯಿಂದ ಓಡಬೇಕು. ಹೀಗೆ ಬರೆದಾಗ ಹದಿನೈದು ದಿನದ ಕಂತಿನ ರೂಢಿಯೇ ಆದೇಶಕ್ಕೆ ಹೊಂದುವುದಿಲ್ಲ ಎಂಬುದು ನಕ್ಷೆಯಲ್ಲಿ ಎದ್ದು ಕಾಣುತ್ತದೆ. ಅದನ್ನು ಮುಚ್ಚಿಡದೆ ಆಡಳಿತ ಮಂಡಳಿಯ ಮುಂದಿಡುವುದು ನಕ್ಷೆಗಾರರ ಕರ್ತವ್ಯ. ರೈತನ ಹಕ್ಕು ಒಂದು ಗಡಿಯಾರ ಎಲ್ಲಿದೆ ಎಂಬುದರ ಮೇಲೆ ನಿಂತಿರುವಾಗ ಅದು ಬರೀ ತಾಂತ್ರಿಕ ಸಂಗತಿಯಾಗಿ ಉಳಿಯುವುದಿಲ್ಲ.

ಒಂದೇ ಗಡಿಯಾರ ಸಾಲದು. ಹತ್ತನೇ ದಿನಕ್ಕೆ ಲೆಕ್ಕದ ವಿಭಾಗಕ್ಕೆ ಎಚ್ಚರಿಕೆ ಹೋಗಬೇಕು, ಆದರೆ ನಡೆಯುತ್ತಿರುವ ಕೆಲಸ ನಿಲ್ಲಬಾರದು. ಬಿಪಿಎಂಎನ್‌ನಲ್ಲಿ ಇದಕ್ಕೆ ತುಂಡುಗೆರೆಯ ವೃತ್ತವಿದೆ. ಹದಿನಾಲ್ಕು ದಾಟಿದರೆ ಬಡ್ಡಿಯ ಉಪಪ್ರಕ್ರಿಯೆ ಚಾಲೂ ಆಗಬೇಕು. 40,000 ರೂಪಾಯಿ 30 ದಿನ ತಡವಾದರೆ ಬಡ್ಡಿ 493 ರೂಪಾಯಿ 15 ಪೈಸೆ. ಒಬ್ಬ ರೈತನಿಗೆ ಸಣ್ಣ ಮೊತ್ತವಿರಬಹುದು. ಆದರೆ ತಂತ್ರಾಂಶ ಲೆಕ್ಕ ಹಾಕದಿದ್ದರೆ ಅದನ್ನು ಕೇಳಬೇಕೆಂದು ರೈತನಿಗೆ ನೆನಪಿಸುವವರು ಯಾರೂ ಇರುವುದಿಲ್ಲ.

ಹಿಂದಕ್ಕೆ ತಿರುಗಿಸುವ ಕೆಲಸ

ಅಣ್ಣನ ಕಬ್ಬು ತಮ್ಮನ ಹೆಸರಿಗೆ ತೂಗಿಹೋಯಿತು. ಎರಡು ದಿನದ ಮೇಲೆ ಗೊತ್ತಾಯಿತು. ಅಷ್ಟರಲ್ಲಿ ಎಸ್‌ಎಂಎಸ್ ಹೋಗಿದೆ, ಖಾತೆಗೆ ಏರಿದೆ, ಕಟಾವಿನ ಗ್ಯಾಂಗಿನ ಲೆಕ್ಕವೂ ಸೇರಿದೆ. ದಾಖಲೆ ಅಳಿಸಿಬಿಟ್ಟರೆ ಮುಗಿಯಿತೆಂದು ಪ್ರೋಗ್ರಾಮರ್ ಅಂದುಕೊಳ್ಳಬಹುದು. ಲೆಕ್ಕ ಬರೆಯುವವರು ಹಾಗೆ ಮಾಡುವುದಿಲ್ಲ. ತಪ್ಪಿನ ನಮೂದು ಹಾಗೇ ಉಳಿದು, ಅದಕ್ಕೆದುರಾಗಿ ಇನ್ನೊಂದು ನಮೂದು ಬರುತ್ತದೆ. ಬಿಪಿಎಂಎನ್‌ನಲ್ಲಿ ಪರಿಹಾರ ಘಟನೆ ಎಂಬ ಚಿಹ್ನೆ ಇದೇ ವಿವೇಕದ್ದು. ಪ್ರತಿ ಮುಖ್ಯ ಕೆಲಸಕ್ಕೂ ಅದನ್ನು ಮರಳಿಸುವ ಕೆಲಸ ಯಾವುದೆಂದು ಮೊದಲೇ ಜೋಡಿಸಿಟ್ಟಿದ್ದರೆ ಎಂಜಿನ್ ಮುಗಿದ ಕೆಲಸಗಳನ್ನು ಕೊನೆಯದರಿಂದ ಮೊದಲಿನದರ ಕಡೆಗೆ ಒಂದೊಂದಾಗಿ ಸರಿಪಡಿಸಿಕೊಂಡು ಬರುತ್ತದೆ. ಬ್ಯಾಂಕಿಗೆ ಹೋದ ಹಣವನ್ನು ಮಾತ್ರ ಯಂತ್ರ ಹಿಂದಕ್ಕೆ ತರಲಾರದು. ಅಲ್ಲಿ ಮರಳಿಸುವ ಕೆಲಸ ಒಬ್ಬ ಮನುಷ್ಯನಿಗೆ ಹೋಗಬೇಕು, ಅವರು ಯಾರೆಂದು ನಕ್ಷೆಯಲ್ಲೇ ಇರಬೇಕು.

ನಡುದಾರಿಯಲ್ಲಿ ನಿಯಮ ಬದಲಾದಾಗ

ಪ್ರತಿ ವರ್ಷ ಹಂಗಾಮು ತೆರೆಯುವ ಮುಂಚೆ ಜಯಸಿಂಗಪುರದಲ್ಲಿ ಸ್ವಾಭಿಮಾನಿ ಶೇತಕರಿ ಸಂಘಟನೆ ಎಂಬ ರೈತ ಸಂಘಟನೆಯ ಊಸ್ (ಕಬ್ಬು) ಪರಿಷತ್ತು ಸೇರುತ್ತದೆ. ಕಬ್ಬಿನ ಹಣ ಎಷ್ಟು, ಎಷ್ಟು ಕಂತಿನಲ್ಲಿ ಎಂಬ ಬೇಡಿಕೆ ಅಲ್ಲಿಂದ ಹೊರಡುತ್ತದೆ. ಕಂತಿನ ಪ್ರಶ್ನೆಯೇ ಓಡುವ ನಕ್ಷೆಗೆ ಅತಿ ಕಠಿಣ ಪರೀಕ್ಷೆ ಒಡ್ಡಿತು. 2022ರ ಫೆಬ್ರವರಿಯಲ್ಲಿ ಮಹಾರಾಷ್ಟ್ರ ಸರ್ಕಾರ ಎಫ್‌ಆರ್‌ಪಿಯನ್ನು ಎರಡು ಕಂತಿನಲ್ಲಿ ಕೊಡಲು ಅವಕಾಶ ಕೊಟ್ಟು ನಿರ್ಣಯ ಹೊರಡಿಸಿತು: ಮೊದಲ ಕಂತು ವಿಭಾಗಕ್ಕೆ ನಿಗದಿಯಾದ ಮೂಲ ಇಳುವರಿಯ ಮೇಲೆ, ಉಳಿದದ್ದು ಹಂಗಾಮು ಮುಗಿದು ನಿಜವಾದ ಇಳುವರಿ ತಿಳಿದ ಮೇಲೆ. ಸಂಘಟನೆಯ ನಾಯಕ, ಹಾತಕಣಂಗಲೆಯ ಮಾಜಿ ಸಂಸದ ರಾಜು ಶೆಟ್ಟಿಯವರು ಇದನ್ನು ಕೋರ್ಟಿನಲ್ಲಿ ಪ್ರಶ್ನಿಸಿದರು. 2025ರ ಮಾರ್ಚಿನಲ್ಲಿ ಮುಂಬಯಿ ಹೈಕೋರ್ಟ್ ನಿರ್ಣಯವನ್ನು ರದ್ದುಮಾಡಿತು.

ಮಾರ್ಚ್ ಎಂದರೆ ಹಂಗಾಮಿನ ಕೊನೆ. ಆ ಹೊತ್ತಿಗೆ ಮೊದಲ ಕಂತು ಪಡೆದು ಎರಡನೆಯದಕ್ಕೆ ಕಾಯುತ್ತಿರುವ ಪ್ರಕರಣಗಳು, ನಿನ್ನೆ ತೂಕವಾದವು, ನಾಳೆ ಚೀಟಿ ಬರುವವು ಎಲ್ಲ ಒಟ್ಟಿಗೆ ಇರುತ್ತವೆ. ಎಂಜಿನ್ನುಗಳು ಇದಕ್ಕೆ ಆವೃತ್ತಿಯ ಸೌಲಭ್ಯ ಕೊಡುತ್ತವೆ. ಹೊಸ ನಕ್ಷೆ ಏರಿಸಿದರೂ ಹಳೆಯ ಪ್ರಕರಣಗಳು ತಾವು ಹುಟ್ಟಿದ ಆವೃತ್ತಿಯಲ್ಲೇ ಮುಂದುವರಿಯುತ್ತವೆ. ಹೊಸವು ಮಾತ್ರ ಹೊಸದರಲ್ಲಿ ಹುಟ್ಟುತ್ತವೆ. ಬೇಕಿದ್ದರೆ ಹಳೆಯದನ್ನು ಹೊಸದಕ್ಕೆ ಸ್ಥಳಾಂತರಿಸಬಹುದು, ಆದರೆ ಹಳೆಯ ನಕ್ಷೆಯ ಯಾವ ಚೌಕ ಹೊಸದರ ಯಾವ ಚೌಕಕ್ಕೆ ಸಮ ಎಂದು ಒಂದೊಂದಾಗಿ ಹೇಳಬೇಕು. ‘ಎರಡನೇ ಕಂತಿಗೆ ಕಾಯುವುದು’ ಎಂಬ ಚೌಕ ಹೊಸ ನಕ್ಷೆಯಲ್ಲಿ ಇರುವುದೇ ಇಲ್ಲ. ಅದರಲ್ಲಿ ನಿಂತ ಟೋಕನ್ನನ್ನು ಎಲ್ಲಿಗೆ ಒಯ್ಯಬೇಕೆಂಬುದು ಪ್ರೋಗ್ರಾಮರ್ ತೀರ್ಮಾನಿಸುವ ವಿಷಯವಲ್ಲ. ಕಾರ್ಖಾನೆಯ ಕಾನೂನು ಸಲಹೆಗಾರರು ಮತ್ತು ಲೆಕ್ಕದವರು ಲಿಖಿತವಾಗಿ ಹೇಳಬೇಕು. ಆಮೇಲೆ ಸ್ಥಳಾಂತರ. ಮುಂಜಾಗ್ರತೆಯೂ ಒಂದಿದೆ. ಹಣ ಕೊಡುವ ಭಾಗವನ್ನು ಕಟಾವು ಮತ್ತು ತೂಕದ ನಕ್ಷೆಯಿಂದ ಬೇರ್ಪಡಿಸಿ ಸ್ವತಂತ್ರ ಉಪಪ್ರಕ್ರಿಯೆಯಾಗಿ ಇಟ್ಟಿದ್ದರೆ ಇಂಥ ಪೆಟ್ಟು ಇಡೀ ನಕ್ಷೆಗೆ ತಗಲುವುದಿಲ್ಲ. ಬೇಗ ಬದಲಾಗುವುದನ್ನು ನಿಧಾನ ಬದಲಾಗುವುದರಿಂದ ದೂರ ಇಡಬೇಕು.

ಹೆಸರು, ಭಾಷೆ

ನಕ್ಷೆಯ ಪ್ರತಿ ಚೌಕಕ್ಕೂ ಎರಡು ಹೆಸರಿರುತ್ತವೆ. ಯಂತ್ರದ ಗುರುತಿನ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ, ಖಾಲಿ ಜಾಗವಿಲ್ಲದೆ ಇಡುವುದು ಉಪಕರಣಗಳ ನಡುವೆ ತೊಂದರೆಯಿಲ್ಲದ ದಾರಿ. ಮನುಷ್ಯರು ಓದುವ ಹೆಸರನ್ನು ಯಾವ ಲಿಪಿಯಲ್ಲಾದರೂ ಬರೆಯಬಹುದು. ಶಿರೋಳ, ಗಡಹಿಂಗ್ಲಜದಂಥ ಕಡೆ ಅದನ್ನು ಮರಾಠಿಯಲ್ಲೂ ಕನ್ನಡದಲ್ಲೂ ಬರೆದಿಟ್ಟರೆ ಪ್ರಯೋಜನ ದೊಡ್ಡದು: ನಕ್ಷೆಯನ್ನು ಪರದೆಯ ಮೇಲೆ ತೋರಿಸಿ, ‘ಹೀಗೇ ಏನು ನಡೆಯುವುದು?’ ಎಂದು ಹೊಲದಲ್ಲಿರುವವರನ್ನೇ ಕೇಳಬಹುದು. ತೂಕದ ಎಸ್‌ಎಂಎಸ್ಸಿನ ಭಾಷೆ ನೋಂದಣಿಯ ಹೊತ್ತಿಗೆ ರೈತ ಆರಿಸಿದ್ದಾಗಿರಲಿ. ಹೆಸರಿಡುವಾಗ ‘ಪರಿಶೀಲನೆ’, ‘ಪ್ರಕ್ರಿಯೆಗೊಳಿಸುವಿಕೆ’ ಎಂಬಂಥ ಎಲ್ಲಕ್ಕೂ ಹೊಂದುವ ಮಾತು ಬೇಡ. ‘ಖಾಲಿ ಗಾಡಿ ತೂಗು’ ಎಂದರೆ ಸಾಕು, ಯಾರಿಗೂ ಅನುಮಾನ ಉಳಿಯುವುದಿಲ್ಲ.

ಪರೀಕ್ಷೆ ಮತ್ತು ಚಾಲನೆ

ಪರೀಕ್ಷೆಗೆ ಕಲ್ಪಿತ ಅಂಕಿ ಬೇಡ, ಹಿಂದಿನ ಹಂಗಾಮಿನ ನಿಜವಾದ ಚೀಟಿಗಳಿವೆ. ರೈತರ ಹೆಸರು ಮತ್ತು ಖಾತೆ ನಂಬರು ತೆಗೆದು, ಒಂದು ಪಂಧರವಡೆಯ ಎಲ್ಲ ಖೇಪುಗಳನ್ನು ಹೊಸ ತಂತ್ರಾಂಶದಲ್ಲಿ ಓಡಿಸಿ, ಹುಟ್ಟಿದ ಬಿಲ್ಲನ್ನು ಆಗ ಕೈಯಿಂದ ಆದ ಬಿಲ್ಲಿನ ಜೊತೆ ಪೈಸೆಯವರೆಗೆ ಹೋಲಿಸಬೇಕು. ವ್ಯತ್ಯಾಸ ಬಂದಾಗ ತಪ್ಪು ತಂತ್ರಾಂಶದ್ದೇ ಎಂದು ಮೊದಲೇ ತೀರ್ಮಾನಿಸಬಾರದು. ಕೆಲವು ಸಲ ಹಳೆಯ ಬಿಲ್ಲಿನಲ್ಲಿ ಯಾರೂ ಕಾಣದ ತಪ್ಪು ಇರುತ್ತದೆ, ಕೆಲವು ಸಲ ನಕ್ಷೆಗೆ ಯಾರೂ ಹೇಳದ ರೂಢಿ ಇರುತ್ತದೆ. ನಕ್ಷೆಯ ಪ್ರತಿ ಬಾಣವೂ ಒಂದು ಸಲವಾದರೂ ಓಡಬೇಕು. ಹಳೆಯ ಚೀಟಿಗಳಲ್ಲಿ ಸಿಗದ ದಾರಿಗಳಿಗೆ, ಅಂದರೆ ನಡುವೆ ಕೆಟ್ಟುನಿಂತ ಟ್ರ್ಯಾಕ್ಟರು, ಎರಡು ಸಲ ಬಂದ ತೂಕ, ನೀರು ನಿಂತ ಹೊಲ, ಹದಿನೈದನೇ ದಿನದ ಬಡ್ಡಿ ಇವಕ್ಕೆ ಮಾತ್ರ ಪ್ರಕರಣ ಕಟ್ಟಿ ಓಡಿಸಬೇಕು. ಗಡಿಯಾರಗಳ ಪರೀಕ್ಷೆಗೆ ಹದಿನಾಲ್ಕು ದಿನ ಕಾಯಬೇಕಿಲ್ಲ. ಎಂಜಿನ್ನಿಗೆ ಸುಳ್ಳು ದಿನಾಂಕ ಕೊಟ್ಟು ಕಾಲವನ್ನು ಮುಂದೆ ತಳ್ಳಬಹುದು.

ಚಾಲನೆ ಒಂದೇ ಗಟ್ ಆಫೀಸಿನಿಂದ ಶುರುವಾಗಲಿ, ಕಾಗದದ ಚೀಟಿ ಜೊತೆಗೇ ನಡೆಯಲಿ. ಕಾಂಟಾದ ಕಂಪ್ಯೂಟರು ನಿಂತರೆ ಗಾಡಿಗಳ ಸಾಲು ನಿಲ್ಲಬಾರದು, ಆದ್ದರಿಂದ ಕೈಬರಹದ ತೂಕವನ್ನು ಆಮೇಲೆ ಏರಿಸುವ ದಾರಿಯೂ ನಕ್ಷೆಯಲ್ಲೇ ಇರಬೇಕು, ಏರಿಸಿದವರು ಯಾರು ಎಂಬ ದಾಖಲೆಯ ಸಮೇತ. ಎಂಜಿನ್ ಬರೆದಿಡುವ ಇತಿಹಾಸವನ್ನು ವಾರಕ್ಕೊಮ್ಮೆ ತೆರೆದು, ಟೋಕನ್ನುಗಳು ಎಲ್ಲಿ ಹೆಚ್ಚು ಹೊತ್ತು ನಿಂತಿವೆ ಎಂದು ನೋಡಬೇಕು. ಯಾರ್ಡಿನಲ್ಲಿ ಗಾಡಿ ಕಾಯುವ ಹೊತ್ತು, ಸೊಸೈಟಿಯಿಂದ ಸಾಲದ ಪಟ್ಟಿ ಬರಲು ಹಿಡಿಯುವ ದಿನ ಇವು ಅಲ್ಲಿ ತಾವಾಗಿ ಕಾಣುತ್ತವೆ.

ಕಾರ್ಖಾನೆ ಹಂಗಾಮು ಮುಚ್ಚಿದ ದಿನ ಎಂಜಿನ್ನಿನಲ್ಲಿ ಇನ್ನೂ ಮುಗಿಯದ ಪ್ರಕರಣಗಳು ಉಳಿದಿರುತ್ತವೆ. ಅವನ್ನು ಒಟ್ಟಾಗಿ ರದ್ದುಮಾಡಬಾರದು, ಒಂದೊಂದಾಗಿ ತೆರೆಯಬೇಕು. ಚೀಟಿ ಹೋಗಿ ಗಾಡಿ ಬರದೆ ಉಳಿದದ್ದು ಬೇರೆ ಕಾರ್ಖಾನೆಗೆ ಹೋದ ಕಬ್ಬಿರಬಹುದು. ನೋಂದಣಿಯಲ್ಲೇ ನಿಂತದ್ದು ಕಡಿಯದೆ ಹೊಲದಲ್ಲಿ ಉಳಿದ ಕಬ್ಬಿರಬಹುದು; ಅದರ ಪಟ್ಟಿ ಅಂದೇ ಗಟ್ ಆಫೀಸಿಗೆ ಹೋಗಬೇಕು. ತೂಕವಾಗಿ ಬಿಲ್ಲಾಗದೆ ನಿಂತದ್ದು ಸಿಕ್ಕರೆ ಅದರ ಗಡಿಯಾರ ಇನ್ನೂ ಓಡುತ್ತಿರುತ್ತದೆ, ಬಡ್ಡಿ ಬೆಳೆಯುತ್ತಿರುತ್ತದೆ. ಆ ಪ್ರಕರಣ ಮುಗಿಯುವುದು ಹಣ ಖಾತೆಗೆ ಬಿದ್ದ ಸಂದೇಶ ಬ್ಯಾಂಕಿನಿಂದ ಬಂದ ಮೇಲೆಯೇ.